ನಾನಿದ್ದೀನಲ್ಲ

ಮನುಷ್ಯ ಮೈ ಚೆಲ್ಲುವ ಜಾಗ ಯಾವುದು ಹರಿದರೂ ಆ ಬೀದಿಯವರು ಹೊತ್ತು ತರುತ್ತಿದ್ದುದು ಅವನ ಅಂಗಡಿಗೇ. ಸೋಫಾ, ಕುರ್ಚಿ, ಹಾಸಿಗೆ, ದಿಂಬು, ಲಾರಿ ಡ್ರೈವರನ ಸೀಟು, ಒಮ್ಮೆ ಹಲ್ಲಿನ ಡಾಕ್ಟರ ಒರಗು ಕುರ್ಚಿ ಕೂಡ. ಹೆತ್ತವರು ಇಟ್ಟ ಹೆಸರು ಕಾಗದಪತ್ರಗಳಿಗೆ ಮಾತ್ರ ಉಳಿದು, ಬೀದಿಯ ಬಾಯಲ್ಲಿ ಅವನು ಮೆತ್ತೆಯಣ್ಣ ಆಗಿದ್ದ. ಕೆಲಸ ಮೆತ್ತೆಯದು, ಮನುಷ್ಯನೂ ಮೆತ್ತಗೆ. ಸಣ್ಣ ಮೊಳೆಗಳನ್ನು ಬಾಯಿಗೆ ತುಂಬಿಕೊಂಡು, ಒಂದೊಂದನ್ನೇ ನಾಲಿಗೆಯಲ್ಲಿ ತುಟಿಗೆ ತಂದು ಸುತ್ತಿಗೆಯ ಕೆಳಗಿಡುತ್ತ ಕೂತಿರುತ್ತಿದ್ದ. ಬಾಯ್ತುಂಬ ಮೊಳೆ ಇಟ್ಟುಕೊಂಡವನು ಯಾರನ್ನು ತಾನೇ ಬೈದಾನು ಎಂದು ಗಿರಾಕಿಗಳು ನಗುತ್ತಿದ್ದರು.

ಅಂಗಡಿ ಕೆಳಗೆ, ಮನೆ ಮೇಲೆ, ನಡುವೆ ಕಡಿದಾದ ಮೆಟ್ಟಿಲು. ಮನೆ ಎಂದರೆ ಒಂದು ದೊಡ್ಡ ಕೋಣೆ, ಅದರ ಮಗ್ಗುಲಿಗೆ ಅಡುಗೆಯ ಮೂಲೆ, ಹಿಂದೆ ಬಚ್ಚಲು. ಅಲ್ಲಿ ಅವನೂ ಅವನ ಅಮ್ಮನೂ. ಮದುವೆಯ ಮಾತು ಒಂದೆರಡು ಸಲ ಆ ಮನೆಗೆ ಬಂದು, ಸರಿಯಾಗಿ ಕೂರದೆ ಎದ್ದು ಹೋಗಿತ್ತು. ಅಕ್ಕ ಒಬ್ಬಳು ದೂರದ ಊರಿನಲ್ಲಿ ಗಂಡ ಮಕ್ಕಳೊಂದಿಗಿದ್ದಳು.

ಅಮ್ಮ ಮೈಯಲ್ಲಿ ಕಸುವಿದ್ದ ಕಾಲವನ್ನೆಲ್ಲ ಶಾಲಾ ಸಮವಸ್ತ್ರ ಹೊಲಿಯುವ ಅಂಗಡಿಯೊಂದರಲ್ಲಿ ಕಳೆದವಳು. ಹೆಣ್ಣುಮಕ್ಕಳ ಅಳತೆ ತೆಗೆದುಕೊಳ್ಳುವುದು ಅವಳ ಕೆಲಸ. ಹೊಸದಾಗಿ ಸೇರಿದ ಹುಡುಗಿಯರಿಗೆ ಅವಳು ಮೊದಲ ದಿನ ಹೇಳುತ್ತಿದ್ದುದು ಒಂದೇ ಮಾತು: ಟೇಪು ನೋಡಬೇಕು, ಮೈ ನೋಡಬಾರದು. ತನ್ನ ವಿಷಯದಲ್ಲೂ ಅವಳದು ಅದೇ ಕಟ್ಟುನಿಟ್ಟು. ಗಂಡ ತೀರಿಕೊಂಡಾಗ ಮಗನಿಗೆ ಇನ್ನೂ ಹಾಲುಹಲ್ಲು ಬಿದ್ದಿರಲಿಲ್ಲ. ಅಂದಿನಿಂದ ಒಂದೇ ಸೂರಿನಡಿ, ಒಂದೇ ಕೋಣೆಯಲ್ಲಿ ಬದುಕಿದರೂ ಅಮ್ಮ ಬಟ್ಟೆ ಬದಲಾಯಿಸುವುದನ್ನು ಅವನು ಕಂಡವನಲ್ಲ. ಹೊರಗೆ ಹೋಗಿ ಕೂತ್ಕೋ ಅಂದರೆ ಎದ್ದು ಹೋಗಿ ಮೆಟ್ಟಿಲ ಮೇಲೆ ಕೂರುವುದು. ಅವನಿಗೆ ಮೀಸೆ ಬಂದು, ಆ ಮೀಸೆ ಬೆಳ್ಳಗಾಗತೊಡಗಿದರೂ ಈ ಏರ್ಪಾಡು ತಪ್ಪಿರಲಿಲ್ಲ.

ಒಂದು ಬೆಳಗ್ಗೆ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದಳು. ಬಿದ್ದ ಕೂಡಲೇ ಕೂಗಲಿಲ್ಲ. ಕೈಗೆ ಎಟುಕದ ಟವೆಲನ್ನು ಹೇಗೋ ಎಳೆದುಕೊಂಡು ಮೈಗೆ ಸುತ್ತಿಕೊಂಡ ಮೇಲೇ ಮಗನನ್ನು ಕರೆದಳು. ಸೊಂಟದ ಮೂಳೆ ಮುರಿದಿತ್ತು. ಆ ನೋವಿನಲ್ಲಿ ಆ ಟವೆಲಿಗಾಗಿ ಅವಳು ಎಷ್ಟು ಹೊತ್ತು ತಡಕಾಡಿರಬಹುದು ಎಂದು ಅವನಿಗೆ ಆಗ ಹೊಳೆಯಲಿಲ್ಲ. ಎರಡೂ ಕೈಯಲ್ಲಿ ಎತ್ತಿಕೊಂಡು ಆಸ್ಪತ್ರೆಗೆ ಓಡಿದ.

ಆಪರೇಷನ್ ಆಯಿತು. ಸಕ್ಕರೆ ಕಾಯಿಲೆ ಮೊದಲೇ ಇತ್ತು, ಎದೆಯೂ ಗಟ್ಟಿ ಇರಲಿಲ್ಲ. ಮನೆಗೆ ಕಳಿಸುವ ದಿನ ಡಾಕ್ಟರು ಅವನನ್ನು ಪಕ್ಕಕ್ಕೆ ಕರೆದು, ಇವರನ್ನು ಸುಮ್ಮನೆ ಮಲಗಿಸಿಡಬಾರದು, ಮಗ್ಗುಲು ಬದಲಿಸುತ್ತಿರಬೇಕು, ಎಬ್ಬಿಸಿ ಕೂರಿಸಬೇಕು, ಅದಕ್ಕೆ ನಮ್ಮಲ್ಲಿ ಮನೆಗೇ ಬಂದು ನೋಡುವ ನರ್ಸುಗಳಿದ್ದಾರೆ, ಅವರು ಫೋನ್ ಮಾಡುತ್ತಾರೆ ಎಂದರು. ಅವನು ತಲೆಯಾಡಿಸಿದ. ಹೊರಗೆ ಬಂದರೆ ಪಕ್ಕದ ಮಂಚದ ರೋಗಿಯ ಮೈದುನ, ಎಲ್ಲ ಬಲ್ಲವನಂತೆ, ಅವನ ಕಿವಿಯಲ್ಲಿ ಬೇರೆಯದೇ ಹೇಳಿದ. ಮನೆಗೆ ನರ್ಸನ್ನು ಕಳಿಸುತ್ತೇವೆ ಅಂದರೆ ನಾವು ಕೈ ತೊಳೆದುಕೊಂಡೆವು ಅಂತ ಅರ್ಥ, ಇನ್ನು ಇಲ್ಲಿಗೆ ಕರೆತರಬೇಡಿ ಅಂತ ಮರ್ಯಾದೆಯಿಂದ ಹೇಳುವ ರೀತಿ ಅದು, ಎಂದ.

ಆ ಮಾತು ಮೆತ್ತೆಯಣ್ಣನ ಎದೆಯಲ್ಲಿ ನಾಟಿಕೊಂಡಿತು. ಯಾಕೆಂದರೆ ಅವನ ಬೀದಿಯಲ್ಲೇ, ಮೂಲೆಯ ದಿನಸಿ ಅಂಗಡಿಯವನ ಮನೆಯ ಮುಂದೆ ಆಸ್ಪತ್ರೆಯ ನರ್ಸುಗಳ ಬಿಳಿ ವ್ಯಾನು ಬಂದು ನಿಲ್ಲುತ್ತಿದ್ದುದನ್ನು ಅವನು ನೋಡಿದ್ದ. ಕೆಲವು ವಾರ ಬಂತು, ಆಮೇಲೆ ಒಂದು ದಿನ ದಿನಸಿಯವನ ತಂದೆಯ ಹೆಣ ಹೊರಟಿತು. ಹೆಣಕ್ಕೂ ವ್ಯಾನಿಗೂ ಏನು ಸಂಬಂಧ ಎಂದು ಯಾರೂ ಕೇಳಲಿಲ್ಲ. ವ್ಯಾನು ಬಂತು, ಮನುಷ್ಯ ಹೋದ. ಬೀದಿಯ ಲೆಕ್ಕ ಅಷ್ಟೇ.

ಅಮ್ಮ ಮನೆಗೆ ಬರುವಷ್ಟರಲ್ಲಿ ಅವನು ಅವಳಿಗೊಂದು ಹಾಸಿಗೆ ಹೊಲಿದಿಟ್ಟಿದ್ದ. ಅಂಗಡಿಯಲ್ಲಿದ್ದ ಅತ್ಯುತ್ತಮ ಫೋಮು, ಅದರ ಮೇಲೆ ಹಿಂಜಿದ ಹತ್ತಿಯ ದಪ್ಪ ಪದರ, ಮೇಲೆ ಅಮ್ಮನಿಗಿಷ್ಟವಾದ ತಿಳಿನೀಲಿ ಬಟ್ಟೆ. ಜೀವಮಾನದಲ್ಲಿ ಅಂಥದೊಂದನ್ನು ಯಾವ ಗಿರಾಕಿಗೂ ಮಾಡಿಕೊಟ್ಟಿರಲಿಲ್ಲ. ಅಮ್ಮನನ್ನು ಅದರ ಮೇಲೆ ಮಲಗಿಸಿದಾಗ ಅವಳು ಅರ್ಧ ಮುಳುಗಿಯೇ ಹೋದಳು.

"ಏನೋ ಇದು," ಎಂದಳು, "ನನ್ನನ್ನ ಬೆಣ್ಣೆಯೊಳಗೆ ಇಟ್ಟಂಗಾಯ್ತಲ್ಲ."

ಅವನು ಉಬ್ಬಿಹೋದ.

ಅಕ್ಕ ಬಂದು ಇದ್ದಷ್ಟು ದಿನ ಎಲ್ಲವೂ ಸಲೀಸಾಗಿತ್ತು. ಮೈ ಒರೆಸುವುದು, ಬಟ್ಟೆ ಬದಲಿಸುವುದು, ಮಲಮೂತ್ರದ ಪಾತ್ರೆ ಕೊಟ್ಟು ತೆಗೆಯುವುದು ಅವಳದು. ಆ ಹೊತ್ತಿಗೆ ತಮ್ಮ ಅಂಗಡಿಯಲ್ಲಿರುತ್ತಿದ್ದ. ಆದರೆ ಅವಳಿಗೂ ಮನೆಯಿತ್ತು, ಕಿರಿಯ ಮಗಳಿಗೆ ಜ್ವರವೆಂದು ಫೋನ್ ಬಂತು. ಹೊರಡುವಾಗ ಅವಳ ಕಾಲು ಏಳಲಿಲ್ಲ. ಯಾರನ್ನಾದರೂ ಗೊತ್ತುಮಾಡೋಣ, ಇಲ್ಲ ಆಸ್ಪತ್ರೆಯವರನ್ನು ಕೇಳೋಣ ಎಂದಳು. ನಾನಿದ್ದೀನಲ್ಲ, ನೀನು ನಿಶ್ಚಿಂತೆಯಿಂದ ಹೋಗು ಎಂದು ಅವನೇ ಅವಳ ಚೀಲ ಹೊತ್ತು ಬಸ್ಸಿಗೆ ಹತ್ತಿಸಿ ಬಂದ.

ಮರುದಿನವೇ ಆಸ್ಪತ್ರೆಯಿಂದ ಫೋನು. ನಡುವಯಸ್ಸಿನ ಹೆಂಗಸಿನ ದನಿ, ಅವಸರವಿಲ್ಲದ್ದು. ತಾನು ಮನೆ ಆರೈಕೆಯ ನರ್ಸು ಎಂದಳು, ಯಾವಾಗ ಬರಲಿ ಎಂದು ಕೇಳಿದಳು. ಅವನು ಆಗ ಮೇಲೆ ಅಮ್ಮನಿಗೆ ಹಾಲು ಕುಡಿಸುತ್ತಿದ್ದ. ನೀವು ಬರುವುದೇನೂ ಬೇಕಾಗಿಲ್ಲ ಸಿಸ್ಟರ್, ಎಲ್ಲ ನಾನೇ ನೋಡಿಕೊಳ್ಳುತ್ತಿದ್ದೇನೆ ಎಂದ. ಅವಳು ಬಿಡಲಿಲ್ಲ. ಗಾಯ ನೋಡಬೇಕು, ಕಾಲಿಗೆ ವ್ಯಾಯಾಮ ಹೇಳಿಕೊಡಬೇಕು, ಮಲಗಿದಲ್ಲೇ ಮಲಗುವವರಿಗೆ ಬೆನ್ನು ಹುಣ್ಣಾಗದಂತೆ ಗಾಳಿ ತುಂಬುವ ಹಾಸಿಗೆಯೊಂದಿದೆ, ಅದನ್ನೂ ತರುತ್ತೇನೆ ಎಂದಳು. ಹಾಸಿಗೆ ಎಂದ ಕೂಡಲೇ ಮೆತ್ತೆಯಣ್ಣ ನಕ್ಕುಬಿಟ್ಟ. ಸಿಸ್ಟರ್, ನೀವು ಫೋನ್ ಮಾಡಿರೋದು ಯಾರ ಮನೆಗೆ ಗೊತ್ತಾ, ಎಂದ.

ಆಗ ಅವಳು, ಒಂದು ಸಲ ಅಮ್ಮನ ಹತ್ತಿರ ಮಾತಾಡಬಹುದಾ ಎಂದು ಕೇಳಿದಳು. ಅವನು ಫೋನನ್ನು ಜೋರು ದನಿಗೆ ಹಾಕಿ ಅಮ್ಮನ ಮುಖದ ಹತ್ತಿರ ಹಿಡಿದ.

"ಅಮ್ಮ, ನಿನ್ನನ್ನ ನೋಡಿಕೊಳ್ಳೋಕೆ ನರ್ಸನ್ನ ಕಳಿಸ್ತಾರಂತೆ. ಬೇಕಾ ನಿನಗೆ?"

ಅಮ್ಮ ಬಾಯಿ ತೆರೆದಳು. ಫೋನಿನ ಹಿಂದಿದ್ದ ಮಗನ ಮುಖವನ್ನು ನೋಡಿದಳು. ತುಸು ಹೊತ್ತು ನೋಡಿದಳು.

"ಬೇಡ ಬಿಡಮ್ಮ," ಎಂದಳು ಫೋನಿಗೆ. "ಮಗ ಇದ್ದಾನೆ."

ಕೇಳಿದಿರಲ್ಲ ಎಂದು ಅವನು ಫೋನ್ ಇಟ್ಟ. ನೆಟ್ಟಗಾಗುವವರೆಗೂ ಅಮ್ಮನ ಕೂದಲೊಂದು ಕೊಂಕದಂತೆ ನೋಡಿಕೊಳ್ಳುತ್ತೇನೆ ಎಂದು ಮನಸ್ಸಿನಲ್ಲೇ ಆಣೆ ಇಟ್ಟುಕೊಂಡ. ಅದರಲ್ಲಿ ಕಪಟವಿರಲಿಲ್ಲ.

ಮಾಡಿದ್ದೂ ಹಾಗೆಯೇ. ಬೆಳಗ್ಗೆ ಎದ್ದು ಮೆತ್ತಗಿನ ಅಡುಗೆ ಮಾಡಿ, ತಾನೇ ತುತ್ತು ಕೊಡುತ್ತಿದ್ದ. ಔಷಧಿಯ ಹೊತ್ತು ತಪ್ಪಿಸುತ್ತಿರಲಿಲ್ಲ. ಮಂಚದ ಸುತ್ತ ಹಳದಿ ಪರದೆ ಹೊಲಿದು ಕಟ್ಟಿದ, ಆಸ್ಪತ್ರೆಯಲ್ಲಿದ್ದಂತೆ. ಬಿಸಿನೀರಿನ ಬೋಗುಣಿ, ಬಟ್ಟೆ, ಸೋಪು ಎಲ್ಲ ಅಮ್ಮನ ಕೈಗೆಟುಕುವಂತಿಟ್ಟು, ಪರದೆ ಎಳೆದು, ಕೆಳಗಿಳಿಯುತ್ತಿದ್ದ. ಅಮ್ಮ ತನ್ನ ಮುಖ, ಕೈ, ಎದೆ, ಕೈ ಹೋದಷ್ಟು ದೂರ ಒರೆಸಿಕೊಳ್ಳುತ್ತಿದ್ದಳು. ಬೆನ್ನಿಗೆ ಕೈ ಹೋಗುತ್ತಿರಲಿಲ್ಲ. ಬೆನ್ನು ನಾನು ಒರೆಸಲಾ ಎಂದು ಅವನು ಒಂದೆರಡು ಸಲ ಪರದೆಯ ಆಚೆಯಿಂದ ಕೇಳಿದ. ಆಗ್ಲೇ ಆಯ್ತು ಎಂದಳು. ಅವಳ ದನಿಯಲ್ಲಿ ಸಂಶಯ ಬರುವಂಥದ್ದೇನೂ ಇರಲಿಲ್ಲ. ನಿಜ ಹೇಳಬೇಕೆಂದರೆ, ಆಯ್ತು ಎಂದದ್ದು ಅವನಿಗೂ ಸಮಾಧಾನವೇ ಆಗಿತ್ತು.

ಎಬ್ಬಿಸಿ ಕೂರಿಸಬೇಕು ಎಂದು ಡಾಕ್ಟರು ಹೇಳಿದ್ದರಲ್ಲ, ಮೊದಲ ಸಲ ಎಬ್ಬಿಸಿದಾಗ ಅಮ್ಮ ನೋವಿನಿಂದ ಕಿರುಚಿದಳು. ಅವನ ಜೀವ ಬಾಯಿಗೆ ಬಂತು. ಏಳುವುದೇ ಬೇಡ, ಮಲಗಿರು, ಎಲ್ಲ ಮಲಗಿದಲ್ಲಿಗೇ ಬರುತ್ತದೆ ಎಂದ. ಮೂಳೆ ಕೂಡಿಕೊಳ್ಳಲಿ ಎಂದು ಅವಳನ್ನು ಅಲುಗಾಡದಂತೆ ನೋಡಿಕೊಂಡ. ಬೀದಿಯವರು ಮೆಟ್ಟಿಲ ಬುಡದಲ್ಲಿ ನಿಂತು ವಿಚಾರಿಸಿಕೊಂಡು ಹೋಗುತ್ತಿದ್ದರು. ಮಗ ಅಂದರೆ ಹೀಗಿರಬೇಕು, ಹೆಣ್ಣುಮಕ್ಕಳೂ ಇಷ್ಟು ಮಾಡುವುದಿಲ್ಲ ಎಂದು ಎದುರುಮನೆಯ ಟೀಚರಮ್ಮ ಎಲ್ಲರಿಗೂ ಕೇಳುವಂತೆ ಹೇಳಿದಾಗ ಅವನು ಬಾಯಲ್ಲಿದ್ದ ಮೊಳೆ ನುಂಗದೆ ಉಳಿದದ್ದೇ ಹೆಚ್ಚು.

ಅಮ್ಮ ನೀರು ಕುಡಿಯುವುದನ್ನು ಕಡಿಮೆ ಮಾಡಿದಳು. ಆಮೇಲೆ ಊಟವನ್ನೂ. ಹಸಿವಿಲ್ಲ ಎನ್ನುತ್ತಿದ್ದಳು. ಪಾತ್ರೆ ಬೇಕೆಂದು ಮಗನನ್ನು ಕರೆಯುವುದು, ಅವನು ಮುಖ ಆಚೆ ತಿರುಗಿಸಿಕೊಂಡು ಅದನ್ನು ತೆಗೆದುಕೊಂಡು ಹೋಗುವುದು, ಎರಡನ್ನೂ ಎಷ್ಟು ತಪ್ಪಿಸಬಹುದೋ ಅಷ್ಟೂ ತಪ್ಪಿಸುವ ಉಪಾಯ ಅದು. ಅವನಿಗೆ ಅದು ತಿಳಿಯಲಿಲ್ಲ. ರುಚಿ ಕೆಟ್ಟಿರಬೇಕೆಂದು ಅಡುಗೆ ಬದಲಿಸಿದ, ಹಣ್ಣು ತಂದ, ಹಾಲಿಗೆ ಜೇನು ಬೆರೆಸಿದ.

ಒಂದು ಮಧ್ಯಾಹ್ನ ಅಂಗಡಿಯ ಮುಂದೆ ನರ್ಸು ಬಂದು ನಿಂತಳು. ಬಿಳಿ ವ್ಯಾನನ್ನು ಬೀದಿಯ ಆಚೆ ತುದಿಯಲ್ಲೇ ನಿಲ್ಲಿಸಿ ನಡೆದು ಬಂದಿದ್ದಳು. ವ್ಯಾನು ಕಂಡರೆ ಮನೆಯವರು ಬಾಗಿಲು ಹಾಕಿಕೊಳ್ಳುತ್ತಾರೆಂದು ಅವಳಿಗೆ ಗೊತ್ತಿತ್ತು. ಇದೇ ಕಡೆ ಇನ್ನೊಬ್ಬರ ಮನೆಗೆ ಬಂದಿದ್ದೆ, ಅಮ್ಮನನ್ನು ಒಂದು ಗಳಿಗೆ ನೋಡಿ ಹೋಗಲಾ ಎಂದು ಕೇಳಿದಳು. ಅವನು ಕುರ್ಚಿ ಕೊಟ್ಟ, ತಣ್ಣನೆಯ ನೀರು ಕೊಟ್ಟ, ಮಾತಿನಲ್ಲಿ ಯಾವ ಮರ್ಯಾದೆಗೂ ಕಡಿಮೆ ಮಾಡಲಿಲ್ಲ. ಆದರೆ ಮಾತಾಡುವಷ್ಟು ಹೊತ್ತೂ ಮೆಟ್ಟಿಲಿಗೆ ಅಡ್ಡವಾಗಿ ನಿಂತೇ ಇದ್ದ. ಅಮ್ಮ ಈಗತಾನೆ ಮಲಗಿದ್ದಾಳೆ ಎಂದ. ಬೆನ್ನು ನೋಡಿದಿರಾ, ಎಲ್ಲಾದರೂ ಕೆಂಪಾಗಿದೆಯಾ ಎಂದು ಅವಳು ಕೇಳಿದಾಗ, ಅಂಥದ್ದೇನೂ ಇಲ್ಲ ಎಂದ. ನೋಡಿದ್ದೇನೆ ಎಂದೂ ಹೇಳಲಿಲ್ಲ, ನೋಡಿಲ್ಲ ಎಂದೂ ಹೇಳಲಿಲ್ಲ. ಅವಳು ತನ್ನ ನಂಬರನ್ನು ಗೋಡೆಯ ಮೇಲೆ, ಗಿರಾಕಿಗಳ ಅಳತೆ ಗೀಚುವ ಜಾಗದಲ್ಲಿ, ಅವನದೇ ಸೀಮೆಸುಣ್ಣದಿಂದ ಬರೆದು ಹೋದಳು.

ಅವಳು ಹೋದ ಮೇಲೆ ಮೇಲಿನಿಂದ ಅಮ್ಮನ ದನಿ ಬಂತು. ಯಾರೋ ಹೆಂಗಸಿನ ಮಾತು ಕೇಳಿಸಿತಲ್ಲ, ಯಾರು ಎಂದಳು.

"ಯಾರೋ ಸೋಫಾ ವಿಚಾರಿಸೋಕೆ ಬಂದಿದ್ರು," ಎಂದ ಅವನು.



ಅದಾದ ಕೆಲವು ದಿನಕ್ಕೆ ಮನೆಯಲ್ಲಿ ವಾಸನೆ ಶುರುವಾಯಿತು. ಮೊದಲು ಅವನು ಅದನ್ನು ಅಂಗಡಿಯ ಅಂಟಿನ ವಾಸನೆ ಎಂದುಕೊಂಡ. ಆಮೇಲೆ ಕಸದ ಬುಟ್ಟಿ ತೊಳೆದ, ಬಚ್ಚಲಿಗೆ ಔಷಧಿ ಸುರಿದ. ಅಮ್ಮನ ಮೈ ಬೇರೆ ಬಿಸಿಯಾಗುತ್ತಿತ್ತು, ಮಾತ್ರೆ ಕೊಟ್ಟರೆ ಇಳಿದು ಮತ್ತೆ ಏರುತ್ತಿತ್ತು. ಒಂದು ಭಾನುವಾರ ವಾಸನೆ ತಡೆಯಲಾರದಷ್ಟಾದಾಗ ಇದು ಸತ್ತ ಇಲಿಯೇ ಎಂದು ತೀರ್ಮಾನಿಸಿದ. ಹತ್ತಿಗೂ ನಾರಿಗೂ ಇಲಿ ಬರುವುದು ಹೊಸದೇನಲ್ಲ.

ಟೊಂಕ ಕಟ್ಟಿ ನಿಂತ. ಬೀರುವನ್ನು ಗೋಡೆಯಿಂದ ಎಳೆದ. ಅಡುಗೆಯ ಡಬ್ಬಿಗಳನ್ನೆಲ್ಲ ಇಳಿಸಿದ. ಅಟ್ಟದ ಮೇಲಿದ್ದ ಹಳೆಯ ಟ್ರಂಕು, ಅಪ್ಪನ ಕಾಲದ ರೇಡಿಯೋ, ಒಡೆದ ಕುರ್ಚಿ ಕಾಲು ಎಲ್ಲ ಕೆಳಗೆ ಬಂದವು. ಮೊಣಕಾಲೂರಿ ಟಾರ್ಚು ಹಿಡಿದು ಮೂಲೆ ಮೂಲೆ ನೋಡಿದ. ಕೈಮೈಯೆಲ್ಲ ಧೂಳು, ಹಣೆಯಿಂದ ಬೆವರು. ಎಲ್ಲಿ ಹೋಗಿ ಸತ್ತಿದೆಯೋ ಮುಂಡೇದು ಎಂದು ಬೈದುಕೊಳ್ಳುತ್ತ ಕೋಣೆಯ ಉದ್ದಗಲ ತಿರುಗಿದ. ಅಮ್ಮ ಪರದೆಯ ಸಂದಿಯಿಂದ ಅವನನ್ನೇ ನೋಡುತ್ತಿದ್ದಳು. ಅವನು ಕೊನೆಗೆ ಅವಳ ಮಂಚದ ಹತ್ತಿರ ಬಂದು, ಅಡಿಗೆ ಟಾರ್ಚು ಬಿಡಲು ಬಗ್ಗಿದ.

"ಹುಡುಕಬೇಡ ಕಣೋ," ಎಂದಳು ಅಮ್ಮ.

"ಇಲ್ಲೇ ಎಲ್ಲೋ ಇದೆ ಅಮ್ಮ, ತಡಿ."

"ಇಲಿ ಅಲ್ಲ ಮಗ." ಅವಳು ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಳು. "ಅದು ನಾನು."

ಅವನು ಬಗ್ಗಿದಲ್ಲೇ ಉಳಿದ. ಟಾರ್ಚಿನ ಬೆಳಕು ಮಂಚದ ಕೆಳಗೆ ಬರಿ ನೆಲದ ಮೇಲೆ ಬಿದ್ದಿತ್ತು. ಎಷ್ಟೋ ಹೊತ್ತಿನ ಮೇಲೆ ಎದ್ದು ಹೊದಿಕೆಯ ಅಂಚು ಹಿಡಿದ. ಅಮ್ಮ ಅವನ ಮಣಿಕಟ್ಟನ್ನು ಹಿಡಿದುಕೊಂಡಳು. ಆ ಕೈಯಲ್ಲಿ ಬಲವೇ ಇರಲಿಲ್ಲ, ಆದರೂ ಅವನು ಬಿಡಿಸಿಕೊಳ್ಳಲಾರದೆ ಹೋದ.

"ನೀನು ನೋಡಬೇಡ," ಎಂದಳು. "ಆ ಹೆಂಗಸನ್ನ ಕರಿ."

ಗೋಡೆಯ ಮೇಲಿನ ನಂಬರು ಅರ್ಧ ಅಳಿಸಿತ್ತು. ಬೆರಳಿನಿಂದ ಮುಟ್ಟಿ ಮುಟ್ಟಿ ಓದಿಕೊಂಡು ಫೋನ್ ಮಾಡಿದ. ಭಾನುವಾರವಾದರೂ ನರ್ಸು ಬಂದಳು. ಮೆಟ್ಟಿಲು ಹತ್ತುವಾಗಲೇ ಅವಳಿಗೆ ಎಲ್ಲ ಗೊತ್ತಾಗಿತ್ತು, ಆದರೆ ಮುಖದಲ್ಲಿ ಏನೂ ತೋರಿಸಲಿಲ್ಲ. ಯಾಕೆ ಇಷ್ಟು ದಿನ ಎಂದು ಕೇಳಲಿಲ್ಲ. ಬಿಸಿನೀರು ತರಿಸಿದಳು, ಹಳೆಯ ಬಟ್ಟೆ ತರಿಸಿದಳು, ಆಮೇಲೆ ಅವನನ್ನು ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡಳು.

ಅವನು ಮೆಟ್ಟಿಲ ಮೇಲೆ ಕೂತ. ಒಳಗೆ ನೀರಿನ ಸದ್ದು. ಅಮ್ಮ ಒಮ್ಮೆ ಗಟ್ಟಿಯಾಗಿ ನರಳಿದಳು. ಅವನು ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡ. ಮತ್ತೆ ತೆಗೆದಾಗ ಮಾತು ಕೇಳಿಸಿತು, ಅಮ್ಮನದು, ತಡೆಯಿಲ್ಲದೆ ಹರಿಯುವ ಮಾತು. ಏನೆಂದು ತಿಳಿಯುತ್ತಿರಲಿಲ್ಲ. ನಡುನಡುವೆ ನರ್ಸಿನ ಹೂಂಗುಟ್ಟುವಿಕೆ. ಹೀಗೇ ನಡೆದು ನಡೆದು, ಇದ್ದಕ್ಕಿದ್ದಂತೆ ಅಮ್ಮ ನಕ್ಕಳು. ಸಮವಸ್ತ್ರದ ಅಂಗಡಿಯ ಹೆಂಗಸರ ನಡುವೆ ಕೂತಾಗ ನಗುತ್ತಿದ್ದಳಲ್ಲ, ಆ ನಗು. ಕೆಟ್ಟ ಸುದ್ದಿಯೊಂದು ಬಾಗಿಲ ಹಿಂದಿದೆ ಎಂದು ಅವನಿಗೆ ಗೊತ್ತಿತ್ತು. ಅದಕ್ಕೆ ಅವನು ಎದೆ ಗಟ್ಟಿ ಮಾಡಿಕೊಂಡೇ ಕೂತಿದ್ದ. ಆ ನಗುವಿಗೆ ಮಾತ್ರ ಅವನ ಬಳಿ ಸಿದ್ಧತೆ ಇರಲಿಲ್ಲ. ಬಿದ್ದಂದಿನಿಂದ ಅವಳು ಒಮ್ಮೆಯೂ ಹಾಗೆ ನಕ್ಕಿರಲಿಲ್ಲ, ಮತ್ತು ನಕ್ಕಿಲ್ಲ ಎಂಬುದೂ ಅವನ ಗಮನಕ್ಕೆ ಬಂದಿರಲಿಲ್ಲ. ಮೊಣಕಾಲಿನಲ್ಲಿ ಮುಖ ಹುದುಗಿಸಿಕೊಂಡು ಅಲ್ಲೇ ಅತ್ತ.

ನರ್ಸು ಹೊರಗೆ ಬಂದು ಅವನ ಪಕ್ಕದ ಮೆಟ್ಟಿಲಲ್ಲಿ ಕೂತು, ಮುಚ್ಚುಮರೆಯಿಲ್ಲದೆ ಹೇಳಿದಳು. ಬೆನ್ನಿನ ಬುಡದಲ್ಲಿ ಹುಣ್ಣು ಮೂಳೆಯವರೆಗೆ ಹೋಗಿದೆ. ನಂಜು ರಕ್ತಕ್ಕೆ ಸೇರಿದೆ. ಮೆತ್ತನೆಯ ಹಾಸಿಗೆಯಲ್ಲಿ ಮೈ ಹೂತುಹೋಗಿ, ಮಗ್ಗುಲಾಗದೆ, ಗಾಳಿ ಆಡದೆ, ಬೆವರಿಗೆ ಚರ್ಮ ಕೊಳೆತಿದೆ. ಅವನು ತಲೆ ತಗ್ಗಿಸಿ ಕೇಳಿಸಿಕೊಂಡ. ತನ್ನ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ.

ಆಸ್ಪತ್ರೆಗೆ ಕರೆದೊಯ್ದರು. ಕತ್ತರಿಸಿ ಶುಚಿ ಮಾಡಿದರು, ಔಷಧಿ ಏರಿಸಿದರು. ಎದೆ ಸಹಕರಿಸಲಿಲ್ಲ. ಇನ್ನು ಹೆಚ್ಚೇನೂ ಮಾಡುವಂತಿಲ್ಲ ಎಂದಾಗ ಅಮ್ಮ ಮನೆಗೆ ಹೋಗುತ್ತೇನೆ ಎಂದು ಹಟ ಹಿಡಿದಳು. ಆ ಸಲ ಬಿಳಿ ವ್ಯಾನು ಬೀದಿಯ ನಡುವೆ, ಅಂಗಡಿಯ ಮುಂದೆಯೇ ಬಂದು ನಿಂತಿತು. ತಿಳಿನೀಲಿ ಹಾಸಿಗೆಯನ್ನು ಅವನು ಆಗಲೇ ಬಿಚ್ಚಿ ಹಾಕಿದ್ದ. ಮಂಚದ ಮೇಲೆ ಗಾಳಿಹಾಸಿಗೆ ಬಂತು. ಅದರ ಪುಟ್ಟ ಮೋಟಾರು ದಿನವಿಡೀ ಗುಂಯ್ ಎನ್ನುತ್ತ, ಒಂದು ಸಾಲಿನ ಗಾಳಿ ಇಳಿಸಿ ಇನ್ನೊಂದು ಸಾಲಿಗೆ ತುಂಬುತ್ತಿತ್ತು. ಅಮ್ಮನಿಗೆ ಅದು ಹಿಡಿಸಿತು. ಯಾರೋ ಕೆಳಗಿನಿಂದ ಬೆನ್ನು ತಟ್ಟಿದಂಗಾಗುತ್ತೆ ಎಂದಳು.

ನರ್ಸು ದಿನಾ ಬಂದಳು. ಬಾಗಿಲು ಹಾಕಿ ಗಾಯ ತೊಳೆದು ಕಟ್ಟು ಹಾಕುವುದು, ತಲೆ ಬಾಚುವುದು, ಆಮೇಲೆ ಇಬ್ಬರೂ ಒಂದಷ್ಟು ಹರಟೆ. ಅಮ್ಮ ಅವಳನ್ನು ಮಗಳೇ ಎಂದೇ ಕರೆಯುತ್ತಿದ್ದಳು. ಅವಳ ಸಮವಸ್ತ್ರದ ತೋಳು ಸರಿಯಾಗಿ ಕೂತಿಲ್ಲ, ಯಾವ ದರ್ಜಿ ಹೊಲಿದದ್ದು ಎಂದು ಬೈಯುತ್ತಿದ್ದಳು. ನೀರು ಕುಡಿದಳು. ಎರಡು ತುತ್ತು ಹೆಚ್ಚಾಗಿಯೇ ತಿಂದಳು. ಅದನ್ನು ನೋಡುವುದು ಮೆತ್ತೆಯಣ್ಣನಿಗೆ ಸಂತೋಷವೂ ಆಗಿತ್ತು, ಅಲ್ಲಿ ನಿಲ್ಲಲಾರದೆ ಕೆಳಗಿಳಿದು ಹೋಗುವಂತೆಯೂ ಆಗುತ್ತಿತ್ತು.

ಒಂದು ಸಂಜೆ ಅವನು ಮಂಚದ ಪಕ್ಕ ಕೂತು ಅವಳ ಕಾಲ ಬೆರಳುಗಳನ್ನು ನೀವುತ್ತಿದ್ದ. ಅಷ್ಟಕ್ಕೆ ಅವಳ ಅಡ್ಡಿ ಇರಲಿಲ್ಲ.

"ಅವತ್ತು ಫೋನಿನಲ್ಲಿ ಬೇಕು ಅಂತ ಯಾಕಮ್ಮ ಅನ್ನಲಿಲ್ಲ?" ಎಂದು ಕೇಳಿದ.

"ಅನ್ನೋಣ ಅಂತಲೇ ಬಾಯಿ ತೆಗೆದೆ," ಎಂದಳು ಅಮ್ಮ. "ನಿನ್ನ ಮುಖ ನೋಡಿದೆ. ಚಿಕ್ಕವನಿದ್ದಾಗ ಚಿತ್ರ ಬರೆದು ತಂದು ತೋರಿಸೋವಾಗ ಒಂದು ಮುಖ ಮಾಡ್ಕೊಂಡು ನಿಲ್ತಿದ್ದೆ, ಅದೇ ಮುಖ. ಚೆನ್ನಾಗಿಲ್ಲ ಅನ್ನೋಕೆ ಬಾಯಿ ಬರುತ್ತೇನೋ?"

ಅವನು ಇನ್ನೊಂದು ಕಾಲಿನ ಬೆರಳುಗಳನ್ನು ನೀವತೊಡಗಿದ.

"ನೋವಿದ್ದಿದ್ದು ಹೇಳಬಹುದಿತ್ತಲ್ಲ."

"ಹೇಳಿದ್ರೆ ನೋಡ್ತೀನಿ ಅಂತಿದ್ದೆ."

ಉಸಿರು ಸಾಲದೆ ಅವಳು ಮಾತು ನಿಲ್ಲಿಸಿದಳು. ಮೋಟಾರು ಗುಂಯ್ ಎನ್ನುತ್ತಿತ್ತು. ಆಮೇಲೆ ಕಣ್ಣು ಮುಚ್ಚಿಕೊಂಡೇ, ಆವತ್ತು ಸೋಫಾ ವಿಚಾರಿಸೋಕೆ ಬಂದಿದ್ದವಳು ಇವಳೇ ತಾನೇ ಎಂದಳು. ಫೋನಿನಲ್ಲಿ ಕೇಳಿದ್ದ ದನಿ, ಆಗಲೇ ಗುರುತು ಸಿಕ್ಕಿತ್ತು ಎಂದಳು. ಅವನ ಕೈ ನಿಂತುಹೋಯಿತು. ಗೊತ್ತಿದ್ದೂ ಕೂಗಲಿಲ್ಲ ಯಾಕೆ, ಒಂದು ಕೂಗು ಹಾಕಿದ್ದರೆ ಅವಳು ಮೇಲೆ ಬರುತ್ತಿದ್ದಳಲ್ಲ ಎಂದು ಅವನು ಕೇಳಿದ.

"ಅವಳಿಗೆ ನಾನು ಮಲಗಿದ್ದೀನಿ ಅಂದಿದ್ದೆ ನೀನು. ನಾನು ಕೂಗಿದ್ರೆ ಅವಳ ಮುಂದೆ ನೀನು ಸುಳ್ಳುಗಾರ ಆಗ್ತಿದ್ದೆ." ಅವನ ಕೈ ಮತ್ತೆ ಚಲಿಸಲಿ ಎಂಬಂತೆ ಕಾಲ ಹೆಬ್ಬೆರಳನ್ನು ಸ್ವಲ್ಪ ಅಲ್ಲಾಡಿಸಿದಳು.

ಅಕ್ಕ ಬಂದಳು. ಅವಳ ಕೋಪಕ್ಕೆ ಅಂಕೆ ಇರಲಿಲ್ಲ. ಪ್ರತಿ ಸಲ ಫೋನ್ ಮಾಡಿದಾಗಲೂ ಚೆನ್ನಾಗಿದ್ದಾಳೆ, ಚೆನ್ನಾಗಿದ್ದಾಳೆ ಎಂದೇ ಹೇಳುತ್ತಿದ್ದೆಯಲ್ಲ, ಒಂದು ಮಾತು ಹೇಳಿದ್ದರೆ ಮಗಳನ್ನು ಕಂಕುಳಲ್ಲಿ ಎತ್ತಿಕೊಂಡಾದರೂ ಬರುತ್ತಿದ್ದೆ ಎಂದು ಅಡುಗೆ ಮೂಲೆಯಲ್ಲಿ, ಅಮ್ಮನಿಗೆ ಕೇಳದಂತೆ ಹಲ್ಲು ಕಚ್ಚಿ ಹೇಳಿದಳು. ಆಮೇಲೆ ಅಕ್ಕ ಅವನೊಂದಿಗೆ ಮಾತು ಬಿಟ್ಟಳು. ಊಟಕ್ಕೆ ಬಡಿಸುವಾಗಲೂ ತಟ್ಟೆಯನ್ನು ಅವನ ಮುಂದೆ ತಳ್ಳಿ ಹೋಗುತ್ತಿದ್ದಳು. ಅಮ್ಮ ಅದನ್ನು ಕಂಡರೂ, ಇಬ್ಬರನ್ನೂ ಕೂರಿಸಿಕೊಂಡು ಬುದ್ಧಿ ಹೇಳುವ ತ್ರಾಣ ಅವಳಲ್ಲಿ ಉಳಿದಿರಲಿಲ್ಲ.

ಒಂದು ಬೆಳಗ್ಗೆ, ನರ್ಸು ತಲೆ ಬಾಚಿ ಹೋದ ಸ್ವಲ್ಪ ಹೊತ್ತಿಗೆ, ಅಮ್ಮ ಹೋದಳು. ಅವಸರವಿರಲಿಲ್ಲ, ಒದ್ದಾಟವಿರಲಿಲ್ಲ. ಅಕ್ಕ ತಲೆಯ ಬಳಿ, ಅವನು ಕಾಲ ಬಳಿ.

ಎಲ್ಲ ಮುಗಿದ ಮೇಲೆ ನರ್ಸು ಗಾಳಿಹಾಸಿಗೆಯನ್ನು ತೆಗೆದುಕೊಂಡು ಹೋಗಲು ಬಂದಳು. ಅವನು ಅದನ್ನು ತೊಳೆದು ಒಣಗಿಸಿ, ಗಾಳಿ ಪೂರ್ತಿ ಒತ್ತಿ ತೆಗೆದು, ಸುರುಳಿ ಸುತ್ತಿ ಅಂಗಡಿಯಲ್ಲಿ ಇಟ್ಟಿದ್ದ. ಎತ್ತಿ ಅವಳ ಕೈಗೆ ಕೊಡುವಾಗ ಅವನ ಕಣ್ಣಿಗೆ ಬಿತ್ತು: ಹಾಸಿಗೆಯನ್ನು ಮಂಚಕ್ಕೆ ಬಿಗಿಯುವ ಪಟ್ಟಿಯೊಂದರ ಹೊಲಿಗೆ ಬಿಟ್ಟುಕೊಂಡಿತ್ತು. ಒಂದು ಗಳಿಗೆ ಕೂತಿರಿ ಸಿಸ್ಟರ್ ಎಂದು ಅದನ್ನು ವಾಪಸು ತೆಗೆದುಕೊಂಡು ತನ್ನ ಜಾಗದಲ್ಲಿ ಕೂತ. ಬಾಗಿದ ಸೂಜಿಗೆ ದಾರ ಪೋಣಿಸಲು ಹೋದರೆ ಕಣ್ಣು ಮಂಜಾಗಿ ಆಗಲಿಲ್ಲ. ನರ್ಸು ಸೂಜಿ ಇಸಿದುಕೊಂಡು ಪೋಣಿಸಿ ಕೊಟ್ಟಳು.

ಅವನು ಹೊಲಿಯುತ್ತ, ತಲೆ ಎತ್ತದೆ ಕೇಳಿದ. "ಮೊದಲ ಸಲವೇ ನಿಮ್ಮನ್ನ ಮೇಲೆ ಬಿಟ್ಟಿದ್ರೆ, ಸಿಸ್ಟರ್?"

ಇಂಥ ಮನೆಗಳಲ್ಲಿ ಹೇಳುವ ಸಮಾಧಾನದ ಮಾತುಗಳು ನರ್ಸಿನ ಬಳಿ ಇದ್ದಿರಬೇಕು. ಅವ್ಯಾವುದನ್ನೂ ಅವಳು ಹೊರಗೆ ತೆಗೆಯಲಿಲ್ಲ.

"ಅದನ್ನ ನನ್ನ ಕೇಳಬೇಡಿ ಅಣ್ಣ," ಎಂದಳು.

ಅವನು ತಲೆಯಾಡಿಸಿದ. ಪಟ್ಟಿಗೆ ಎರಡೆರಡು ಸಾಲು ಹೊಲಿಗೆ ಹಾಕಿ, ಎಳೆದು ಪರೀಕ್ಷಿಸಿ, ದಾರ ಕತ್ತರಿಸಿದ. ಹಾಸಿಗೆಯನ್ನು ಹೆಗಲ ಮೇಲೆ ಹೊತ್ತು ವ್ಯಾನಿನವರೆಗೆ ಹೋಗಿ ಒಳಗಿಟ್ಟ. ಇದು ಈಗ ಎಲ್ಲಿಗೆ ಎಂದು ಕೇಳಿದ. ಕೆರೆಯ ಆಚೆ ಒಂದು ಮನೆಗೆ, ಬರುವುದು ಬೇಡವೆಂದೇ ಹೇಳಿದ್ದಾರೆ, ಆದರೂ ಹೋಗಿ ನೋಡುತ್ತೇನೆ ಎಂದಳು ನರ್ಸು. ಅವನ ಬಾಯಿ ಏನೋ ಹೇಳಲು ತೆರೆಯಿತು. ಮಾತು ಬರುವಷ್ಟರಲ್ಲಿ ವ್ಯಾನು ಹೊರಟಿತ್ತು.

ವಾಪಸು ಬಂದು ಅಂಗಡಿಯ ಹಲಗೆಯ ಮೇಲೆ ಕೂತ. ಅರ್ಧ ಬಿಚ್ಚಿದ ಯಾರದೋ ಆರಾಮ ಕುರ್ಚಿ ಮುಂದಿತ್ತು, ಕೈ ಅದರ ಕಡೆ ಹೋಗಲಿಲ್ಲ. ಮೇಲಿನಿಂದ ಅಕ್ಕ ಊಟಕ್ಕೆ ಕರೆದಳು. ಮಾತು ಬಿಟ್ಟ ಮೇಲೆ ಅವನನ್ನು ಬಾಯಿಬಿಟ್ಟು ಕರೆದದ್ದು ಅದೇ ಮೊದಲು. ಅವನು ಕೇಳಿಸಿಕೊಂಡರೂ ಏಳಲಿಲ್ಲ. ಅವಳು ಇನ್ನೊಂದು ಸಲ ಕರೆಯಲಿಲ್ಲ. ಸೆರಗಿಗೆ ಕೈ ಒರೆಸಿಕೊಳ್ಳುತ್ತ ಮೆಟ್ಟಿಲಿಳಿದು ಬಂದು, ಹತ್ತಿಯ ಮೂಟೆಯನ್ನು ಪಕ್ಕಕ್ಕೆ ಸರಿಸಿ, ತಮ್ಮನ ಹತ್ತಿರ ಕೂತಳು.